ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಮೊಬೈಲ್ ವಾಕಿಟಾಕಿ ಕೆಲಸ ಮಾಡದಿದ್ದರೆ: ದೋಷ ಪತ್ತೆಯ ಕೈಪಿಡಿ

ಟವರ್, ಸಿಮ್, ಇಂಟರ್ನೆಟ್ ಯಾವುದರ ಹಂಗೂ ಇಲ್ಲದೆ ಒಂದು ಮೊಬೈಲಿನಿಂದ ಇನ್ನೊಂದಕ್ಕೆ ನೇರವಾಗಿ ಮಾತನಾಡುವ ಸೌಲಭ್ಯ ಈಗ ಹಲವು ಫೋನ್‌ಗಳಲ್ಲಿದೆ. ಕಾಫಿ ತೋಟಗಳಲ್ಲಿ, ಘಟ್ಟದ ಚಾರಣಗಳಲ್ಲಿ, ಸಿಗ್ನಲ್ ಇಳಿಯದ ನೆಲಮಾಳಿಗೆಗಳಲ್ಲಿ ಇದು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ಅದು ಕೈಕೊಟ್ಟಾಗ ಹೆಚ್ಚಿನವರು ಕಂಡ ಕಂಡ ಸೆಟ್ಟಿಂಗ್‌ಗಳನ್ನೆಲ್ಲ ಎರಡೂ ಫೋನ್‌ಗಳಲ್ಲಿ ಒಟ್ಟೊಟ್ಟಿಗೆ ಬದಲಾಯಿಸುತ್ತಾ ಹೋಗುತ್ತಾರೆ. ಹೀಗೆ ಮಾಡಿದಾಗ ಮೊದಲಿದ್ದ ಒಂದು ದೋಷಕ್ಕೆ ಇನ್ನೆರಡು ಸೇರಿಕೊಂಡು, ಕೊನೆಗೆ ಯಾವುದರಿಂದ ಏನಾಯಿತು ಎಂದು ಹೇಳುವುದೇ ಕಷ್ಟವಾಗುತ್ತದೆ. ಮಾತು ಯಾವ ದಾರಿಯಲ್ಲಿ ಸಾಗುತ್ತದೆ ಎಂಬುದನ್ನು ಮೊದಲು ಖಚಿತಪಡಿಸಿಕೊಂಡು, ಆ ದಾರಿಯ ಒಂದೊಂದು ತುಂಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಈ ಕ್ರಮದಲ್ಲಿ ನಡೆದರೆ ಬಹುಪಾಲು ದೋಷಗಳು ಫೋನನ್ನು ಬಿಚ್ಚದೆಯೇ ಪತ್ತೆಯಾಗುತ್ತವೆ.

ಮೊದಲ ಪ್ರಶ್ನೆ: ಮಾತು ಯಾವ ದಾರಿಯಲ್ಲಿ ಹೋಗುತ್ತಿದೆ?

ವಾಕಿಟಾಕಿ ಎಂಬ ಒಂದೇ ಹೆಸರಿನಡಿ ಕನಿಷ್ಠ ನಾಲ್ಕು ಬೇರೆ ಬೇರೆ ವ್ಯವಸ್ಥೆಗಳಿವೆ. ಪರದೆಯ ಮೇಲೆ ಕಾಣುವ ದೊಡ್ಡ ಗುಂಡಿ ಎಲ್ಲದರಲ್ಲೂ ಒಂದೇ ತೆರನಾಗಿದ್ದರೂ ಒಳಗಿನ ಕೆಲಸಕ್ಕೆ ಪರಸ್ಪರ ಸಂಬಂಧವಿಲ್ಲ. ಆದ್ದರಿಂದ ಎರಡೂ ಫೋನ್‌ಗಳನ್ನು ವಿಮಾನ ಮೋಡ್‌ಗೆ ಹಾಕಿ, ವೈಫೈ ಮತ್ತು ಬ್ಲೂಟೂತ್ ಎರಡನ್ನೂ ಕೈಯಾರೆ ಆರಿಸಿ, ಅಕ್ಕಪಕ್ಕದ ಕೋಣೆಗಳಲ್ಲಿ ನಿಂತು ಒಮ್ಮೆ ಮಾತನಾಡಿ ನೋಡಬೇಕು (ಹೊರಗೆ ಆಂಟೆನಾ ಸಿಕ್ಕಿಸುವ ಫೋನಾದರೆ ಮೊದಲು ಆಂಟೆನಾ ಕೂರಿಸಿ, ಮುಂದೆ ಹೇಳುವ ತರಂಗಾಂತರಕ್ಕೆ ಹೊಂದಿಸಿ). ಆಗಲೂ ದನಿ ಕೇಳಿಸಿದರೆ ಫೋನಿನಲ್ಲಿ ಸ್ವತಂತ್ರ ರೇಡಿಯೋ ಇದೆ ಎಂದು ಖಚಿತವಾಗುತ್ತದೆ. ಕೇಳಿಸದಿದ್ದರೆ ಬ್ಲೂಟೂತ್ ಒಂದನ್ನೇ ಆನ್ ಮಾಡಿ, ಬಳಿಕ ವೈಫೈ, ಕೊನೆಗೆ ಮೊಬೈಲ್ ಡೇಟಾ ಎಂದು ಒಂದೊಂದನ್ನಾಗಿ ಸೇರಿಸುತ್ತಾ ಬಂದರೆ, ಯಾವ ಹಂತದಲ್ಲಿ ಮಾತು ಶುರುವಾಯಿತೋ ಅದೇ ಆ ಸೌಲಭ್ಯದ ನಿಜವಾದ ದಾರಿ. ಕೆಲವು ಫೋನ್‌ಗಳಲ್ಲಿ ವಿಮಾನ ಮೋಡ್ ಹಾಕಿದರೆ ಒಳಗಿನ ರೇಡಿಯೋ ಕೂಡ ನಿಲ್ಲಬಹುದಾದ ಕಾರಣ, ಹೊರಗೆ ಆಂಟೆನಾ ಸಿಕ್ಕಿಸುವ ಜಾಗವಿರುವ ಫೋನ್ ಈ ಪರೀಕ್ಷೆಯಲ್ಲಿ ಸೋತರೆ, ವಿಮಾನ ಮೋಡ್ ತೆಗೆದು ಸಿಮ್ ಹೊರಗಿಟ್ಟು ಮತ್ತೊಮ್ಮೆ ನೋಡಬೇಕು.

ಇಂಟರ್ನೆಟ್ ದಾರಿಯ ಸೌಲಭ್ಯಗಳನ್ನು ಇಲ್ಲಿಯೇ ಬದಿಗಿಡಬಹುದು. ಜೆಲ್ಲೋದಂತಹ ಆಪ್‌ಗಳು, 2018ರಲ್ಲಿ ಆಪಲ್ ವಾಚ್‌ಗೆ ಬಂದ ವಾಕಿಟಾಕಿ, ಇವೆಲ್ಲ ದನಿಯನ್ನು ಸರ್ವರ್‌ಗೆ ಕಳುಹಿಸಿ ಅಲ್ಲಿಂದ ಇನ್ನೊಬ್ಬರಿಗೆ ತಲುಪಿಸುತ್ತವೆ. ಸಿಗ್ನಲ್ ಇಲ್ಲದ ಕಾಡಿನಲ್ಲಿ ಅವು ಮೌನವಾದರೆ ಅದು ದೋಷವಲ್ಲ. ಅವುಗಳ ರಚನೆಯೇ ಹಾಗೆ. ಊರಿನಲ್ಲಿ ಚೆನ್ನಾಗಿ ಮಾತನಾಡಿ ಪರೀಕ್ಷೆ ಮುಗಿಸಿ, ಬೆಟ್ಟಕ್ಕೆ ಹೋದ ಮೇಲೆ ಕೈಕೊಟ್ಟಿತು ಎನ್ನುವ ದೂರುಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಬ್ಲೂಟೂತ್ ದಾರಿಯವು ನಿಜಕ್ಕೂ ಟವರ್ ಇಲ್ಲದೆ ಕೆಲಸ ಮಾಡುತ್ತವೆ. 2024ರಲ್ಲಿ ಭಾರತದಲ್ಲಿ ಬಿಡುಗಡೆಯಾದ ಒಪ್ಪೋ ರೆನೋ 12 ಸರಣಿಯ ಬೀಕನ್‌ಲಿಂಕ್ ಇದಕ್ಕೆ ಉದಾಹರಣೆ. ತಯಾರಕರು ಹೇಳುವ 200 ಮೀಟರ್ ದೂರ ಬಯಲಿನ ಲೆಕ್ಕದ್ದು. ಬ್ಲೂಟೂತ್ ಕೆಲಸ ಮಾಡುವ 2.4 ಗಿಗಾಹರ್ಟ್ಸ್ ತರಂಗಗಳನ್ನು ನೀರಿನಂಶವಿರುವ ವಸ್ತುಗಳೆಲ್ಲ ಹೀರಿಕೊಳ್ಳುತ್ತವೆ, ಮನುಷ್ಯನ ದೇಹವೂ ಅದರಲ್ಲಿ ಸೇರಿದೆ. ಫೋನನ್ನು ಹಿಂಜೇಬಿನಲ್ಲಿಟ್ಟು ಎದುರಿಗಿರುವವರ ಜೊತೆ ಮಾತನಾಡಲು ಹೊರಟರೆ ನಮ್ಮ ದೇಹವೇ ಗೋಡೆಯಾಗುತ್ತದೆ. ಇಲ್ಲಿ ನೋಡಬೇಕಾದವು ಮೂರೇ ಸಂಗತಿಗಳು: ಎರಡೂ ಫೋನ್‌ಗಳಲ್ಲಿ ಅದೇ ಸೌಲಭ್ಯ ಇದೆಯೇ, ಆಪ್‌ಗೆ ಹತ್ತಿರದ ಸಾಧನಗಳನ್ನು ಹುಡುಕುವ ಅನುಮತಿ ಕೊಟ್ಟಿದೆಯೇ, ಎದೆಯ ಮಟ್ಟದಲ್ಲಿ ಹಿಡಿದು ಎದುರುಬದುರು ನಿಂತಾಗ ದನಿ ಬರುತ್ತದೆಯೇ. ಮೂರೂ ಸರಿಯಿದ್ದು ದೂರ ಸಾಲದಿದ್ದರೆ ಸೆಟ್ಟಿಂಗ್ ಬದಲಾಯಿಸಿ ಹೆಚ್ಚೇನೂ ಗಳಿಸಲಾಗದು.

ಮೆಶ್‌ಟಾಸ್ಟಿಕ್‌ನಂತಹ ಲೋರಾ ಸಾಧನಗಳನ್ನು (ಕಡಿಮೆ ಶಕ್ತಿಯಲ್ಲಿ, ನಿಧಾನವಾಗಿ, ದೂರಕ್ಕೆ ಸಂದೇಶ ಕಳುಹಿಸುವ ಪುಟ್ಟ ರೇಡಿಯೋಗಳನ್ನು) ಫೋನಿಗೆ ಜೋಡಿಸಿಕೊಂಡವರು ಅದರಲ್ಲಿ ಮಾತು ಕೇಳಿಸುತ್ತಿಲ್ಲವೆಂದು ಹುಡುಕಾಡುವುದುಂಟು. ಅದು ಬರಹದ ಸಂದೇಶಗಳಿಗಾಗಿ ಇರುವ ವ್ಯವಸ್ಥೆ. ಅಷ್ಟು ನಿಧಾನದ ದಾರಿಯಲ್ಲಿ ನೇರ ಮಾತುಕತೆ ನಡೆಯದು. ಸಂದೇಶವೂ ಹೋಗದಿದ್ದರೆ ಎರಡೂ ಸಾಧನಗಳಲ್ಲಿ ಪ್ರದೇಶ ಎಂಬಲ್ಲಿ ಭಾರತವನ್ನು, ಅಂದರೆ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು, ಆರಿಸಿದೆಯೇ ಎಂದು ನೋಡುವುದು ಮೊದಲ ಹೆಜ್ಜೆ.

ಉಳಿದದ್ದು ನಾಲ್ಕನೆಯ ಬಗೆ: ಗಟ್ಟಿಮುಟ್ಟಾದ ಹೊರಕವಚದ ಫೋನಿನೊಳಗೆ ಯುಎಚ್‌ಎಫ್ (ಕೈರೇಡಿಯೋಗಳು ಸಾಮಾನ್ಯವಾಗಿ ಬಳಸುವ ತರಂಗಾಂತರಗಳ) ರೇಡಿಯೋ ಭಾಗವೊಂದನ್ನು ಪ್ರತ್ಯೇಕವಾಗಿ ಕೂರಿಸಿ, ಮೇಲೆ ತಿರುಪಿನ ಆಂಟೆನಾ ಕೊಡುವ ವ್ಯವಸ್ಥೆ. ಟವರ್ ಇಲ್ಲದೆ ಕಿಲೋಮೀಟರ್ ಲೆಕ್ಕದಲ್ಲಿ ಮಾತು ಸಾಗುವುದು ಸಾಮಾನ್ಯವಾಗಿ ಇದರಲ್ಲಿ. ದೋಷಗಳ ವೈವಿಧ್ಯ ಹೆಚ್ಚಿರುವುದೂ ಇದರಲ್ಲೇ. ಈ ಕೈಪಿಡಿಯ ಉಳಿದ ಭಾಗ ಅದನ್ನು ಕುರಿತದ್ದು.

ಯಾವ ತರಂಗಾಂತರದಲ್ಲಿ ಪರೀಕ್ಷಿಸಬೇಕು

ಗುಂಡಿ ಒತ್ತುವ ಮೊದಲೇ ಇದನ್ನು ತಿಳಿದಿರಬೇಕು. ಇಂತಹ ಫೋನ್‌ಗಳು ಸಾಮಾನ್ಯವಾಗಿ 400 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ ಬಹಳ ಅಗಲವಾದ ಪಟ್ಟಿಯಲ್ಲಿ ಎಲ್ಲಿ ಬೇಕಾದರೂ ಹೊಂದಿಸಲು ಬಿಡುತ್ತವೆ. ಆ ಪಟ್ಟಿಯಲ್ಲಿ ಪೊಲೀಸರು, ಅರಣ್ಯ ಇಲಾಖೆಯಂತಹ ಇಲಾಖೆಗಳು, ಖಾಸಗಿ ಭದ್ರತಾ ಸಂಸ್ಥೆಗಳು ಲೈಸೆನ್ಸ್ ಪಡೆದು ಬಳಸುವ ಜಾಗಗಳೂ ಇವೆ. ಭಾರತದಲ್ಲಿ ಕಡಿಮೆ ಶಕ್ತಿಯ ಕೈರೇಡಿಯೋಗಳಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇರುವುದು 446.0ರಿಂದ 446.2 ಮೆಗಾಹರ್ಟ್ಸ್ ವರೆಗೆ, 2018ರ ನಿಯಮಗಳ ಪ್ರಕಾರ. ಅಲ್ಲಿಯೂ ಉಪಕರಣಕ್ಕೆ ನಿಸ್ತಂತು ಯೋಜನಾ ಮತ್ತು ಸಮನ್ವಯ ವಿಭಾಗದ ಮಾದರಿ ಅನುಮೋದನೆ ಇರಬೇಕು. ಅನುಮೋದನೆಯಿಲ್ಲದ ವಾಕಿಟಾಕಿಗಳು ಆನ್‌ಲೈನ್ ಅಂಗಡಿಗಳಲ್ಲಿ ರಾಶಿ ಬಿದ್ದಿದ್ದರಿಂದಲೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಅವುಗಳ ಮಾರಾಟಕ್ಕೆ ಮಾರ್ಗಸೂಚಿ ಹೊರಡಿಸಬೇಕಾಯಿತು. ಹವ್ಯಾಸಿ ರೇಡಿಯೋ ಲೈಸೆನ್ಸ್ ಇರುವವರಿಗೆ 434ರಿಂದ 438 ಮೆಗಾಹರ್ಟ್ಸ್ ಪಟ್ಟಿ ಬೇರೆ ಇದೆ. ಲೈಸೆನ್ಸ್ ಇಲ್ಲದವರು ಪರೀಕ್ಷೆಗೆಂದೂ ಅಲ್ಲಿ ದನಿ ಎತ್ತಬಾರದು.

ಅಮೆರಿಕದಲ್ಲಿರುವ ನಮ್ಮವರು ಊರಿಗೆ ಬರುವಾಗ ತರುವ ಸಾಧನಗಳ ಬಗ್ಗೆಯೂ ಇಲ್ಲಿ ಹೇಳಬೇಕು. ಅಲ್ಲಿ ಜನಸಾಮಾನ್ಯರು ಲೈಸೆನ್ಸ್ ಇಲ್ಲದೆ ಬಳಸುವ ಎಫ್‌ಆರ್‌ಎಸ್ ವಾಕಿಟಾಕಿಗಳು 462 ಮತ್ತು 467 ಮೆಗಾಹರ್ಟ್ಸ್‌ಗಳ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಇಲ್ಲಿ ಅದಕ್ಕೆ ವಿನಾಯಿತಿ ಇಲ್ಲ. ಮೊಟೊರೋಲಾ ತಯಾರಿಸಿ ಅಲ್ಲಿನ ಮೊಬೈಲ್ ಕಂಪನಿ ನೆಕ್ಸ್‌ಟೆಲ್ ಮಾರಿದ ಹಳೆಯ ಫೋನ್‌ಗಳಲ್ಲಿ ಕೆಲವಕ್ಕೆ ಡೈರೆಕ್ಟ್ ಟಾಕ್ ಎಂಬ ಸೌಲಭ್ಯವಿತ್ತು. ನೆಕ್ಸ್‌ಟೆಲ್‌ನ ಐಡೆನ್ ಎಂಬ ಮೊಬೈಲ್ ಜಾಲವನ್ನು ಸ್ಪ್ರಿಂಟ್ ಕಂಪನಿ 2013ರ ಜೂನ್ 30ರಂದು ಮುಚ್ಚಿದ ಮೇಲೂ ಆ ಫೋನ್‌ಗಳು ತಮ್ಮತಮ್ಮಲ್ಲೇ ಮಾತನಾಡಬಲ್ಲವಾಗಿದ್ದವು. ಟವರ್ ಇಲ್ಲದ ಮಾತುಕತೆಗೆ ಅದೊಂದು ಒಳ್ಳೆಯ ಮಾದರಿ ಎಂದು ನಾನು ಈಗಲೂ ಭಾವಿಸುತ್ತೇನೆ. ಆದರೆ ಅವು ಬಳಸುತ್ತಿದ್ದ 902ರಿಂದ 928 ಮೆಗಾಹರ್ಟ್ಸ್ ಪಟ್ಟಿಯ ಒಂದು ಭಾಗ ನಮ್ಮಲ್ಲಿ ಮೊಬೈಲ್ ಫೋನ್‌ಗಳು ಟವರ್‌ಗೆ ಕಳುಹಿಸುವ 890ರಿಂದ 915ರ ಪಟ್ಟಿಯ ಮೇಲೆಯೇ ಬೀಳುತ್ತದೆ. ಆದ್ದರಿಂದ ಅವನ್ನು ಇಲ್ಲಿ ದುರಸ್ತಿ ಮಾಡಿ ಬಳಸುವ ಯೋಚನೆಯನ್ನು ಕೈಬಿಡಬೇಕು.

ರೇಡಿಯೋ ಭಾಗದ ಮೊದಲ ಪರೀಕ್ಷೆ: ಸ್ಕ್ವೆಲ್ಚ್ ತೆರೆಯುವುದು

ಆಂಟೆನಾವನ್ನು ಕೈಯಿಂದ ಸಾಧ್ಯವಾದಷ್ಟು ಬಿಗಿಯಾಗಿ ತಿರುಗಿಸಿ ಕೂರಿಸಿ. ಆಂಟೆನಾ ಇಲ್ಲದೆ ಮಾತನಾಡುವ ಗುಂಡಿಯನ್ನು ಒತ್ತಬಾರದು. ಹೊರಹೋಗಬೇಕಾದ ಶಕ್ತಿ ಹಿಂದಿರುಗಿ ಒಳಗಿನ ಆಂಪ್ಲಿಫೈಯರ್ ಸುಡುವ ಅಪಾಯವಿದೆ.

ಬಳಿಕ ವಾಕಿಟಾಕಿ ಆಪ್ ತೆರೆದು, ಅನಲಾಗ್ ವಿಧಾನವನ್ನು ಆರಿಸಿ, ಕೋಡ್‌ಗಳಿದ್ದರೆ ತೆಗೆದು (ಇವುಗಳ ವಿವರ ಮುಂದಿದೆ), ಸ್ಕ್ವೆಲ್ಚ್ ಮಟ್ಟವನ್ನು ಸೊನ್ನೆಗೆ ಇಳಿಸಿ. ಸಂಕೇತವಿಲ್ಲದಾಗ ಬರುವ ಗದ್ದಲವನ್ನು ತಡೆದು ಸ್ಪೀಕರನ್ನು ಮುಚ್ಚಿಡುವ ಬಾಗಿಲೇ ಸ್ಕ್ವೆಲ್ಚ್. ಅದನ್ನು ತೆರೆದಾಗ ನಿರಂತರವಾದ ಸುಂಯ್ ಎಂಬ ಸದ್ದು ಬರಲೇಬೇಕು. ಇಷ್ಟು ಸರಳವಾದ ಪರೀಕ್ಷೆ ಎಷ್ಟೊಂದನ್ನು ಹೇಳುತ್ತದೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ: ಸದ್ದು ಬಂದರೆ ರೇಡಿಯೋ ಭಾಗಕ್ಕೆ ವಿದ್ಯುತ್ ತಲುಪುತ್ತಿದೆ, ಆಪ್ ಅದರೊಡನೆ ಸಂಪರ್ಕದಲ್ಲಿದೆ, ದನಿ ಸ್ಪೀಕರಿನವರೆಗೆ ಹರಿಯುತ್ತಿದೆ ಎಂಬ ಮೂರೂ ಒಂದೇ ಏಟಿಗೆ ಸಾಬೀತಾಗುತ್ತವೆ.

ಸದ್ದು ಬಾರದಿದ್ದರೆ ಚಾನೆಲ್, ಕೋಡ್ ಇತ್ಯಾದಿಗಳನ್ನು ಮುಟ್ಟಬೇಡಿ, ದೋಷ ಅಲ್ಲಿಲ್ಲ. ಮೊದಲು ದನಿ ಬೇರೆಲ್ಲಾದರೂ ಹೋಗುತ್ತಿದೆಯೇ ನೋಡಿ. ಬ್ಯಾಗಿನಲ್ಲಿ ಆನ್ ಆಗಿಯೇ ಉಳಿದ ಬ್ಲೂಟೂತ್ ಇಯರ್‌ಫೋನ್ ದನಿಯನ್ನು ತನ್ನತ್ತ ಎಳೆದುಕೊಂಡಿರುವುದು ಬಹಳ ಸಾಮಾನ್ಯ. ಮಾಧ್ಯಮ, ಕರೆ, ಅಧಿಸೂಚನೆ ಎಂಬ ಮೂರು ಬೇರೆ ಬೇರೆ ವಾಲ್ಯೂಮ್‌ಗಳಲ್ಲಿ ಆಪ್ ಯಾವುದನ್ನು ಬಳಸುತ್ತದೆಂಬುದು ಫೋನಿನಿಂದ ಫೋನಿಗೆ ಬದಲಾಗುವುದರಿಂದ ಮೂರನ್ನೂ ಏರಿಸಿ ನೋಡಬೇಕು. ಆಮೇಲೂ ಮೌನವಾಗಿದ್ದರೆ ಆಪನ್ನು ಬಲವಂತವಾಗಿ ನಿಲ್ಲಿಸಿ, ಫೋನನ್ನು ಪೂರ್ತಿ ಆರಿಸಿ ಮತ್ತೆ ಆನ್ ಮಾಡಿ. ಆಂಡ್ರಾಯ್ಡ್ ಅಪ್‌ಡೇಟ್ ಆದ ಮರುದಿನದಿಂದಲೇ ಈ ತೊಂದರೆ ಶುರುವಾಗಿದ್ದರೆ, ಆಪ್‌ಗೂ ರೇಡಿಯೋ ಭಾಗಕ್ಕೂ ನಡುವಿನ ಸಂಪರ್ಕ ಕಡಿದಿರುವ ಸಾಧ್ಯತೆ ಹೆಚ್ಚು. ತಯಾರಕರ ಮುಂದಿನ ಅಪ್‌ಡೇಟ್ ಅಥವಾ ಸೇವಾ ಕೇಂದ್ರವೇ ಅದನ್ನು ಸರಿಪಡಿಸಬೇಕು.

ಇದಕ್ಕೆ ಹೊಂದಿಕೊಂಡಂತೆ ಇನ್ನೊಂದು ದೋಷವಿದೆ. ಆಪ್ ತೆರೆದಾಗ ಸರಿಯಾಗಿ ಕೇಳಿಸುತ್ತದೆ, ಪರದೆ ಆರಿದ ಕೆಲವು ನಿಮಿಷಗಳ ನಂತರ ಯಾರು ಕರೆದರೂ ಕೇಳಿಸುವುದಿಲ್ಲ. ಚಾರಣದಲ್ಲಿ ಹಿಂದುಳಿದವರು ಕರೆದು ಕರೆದು ಸುಸ್ತಾಗುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ. 2015ರ ಆಂಡ್ರಾಯ್ಡ್ 6ರಿಂದ ಈಚೆಗೆ, ಬಳಸದೆ ಇಟ್ಟ ಫೋನಿನಲ್ಲಿ ಹಿನ್ನೆಲೆಯ ಆಪ್‌ಗಳನ್ನು ಮಲಗಿಸುವ ವ್ಯವಸ್ಥೆ ಇದೆ, ತಯಾರಕರು ಅದರ ಮೇಲೆ ತಮ್ಮದೇ ಬ್ಯಾಟರಿ ಉಳಿತಾಯದ ಕತ್ತರಿಯನ್ನೂ ಸೇರಿಸಿರುತ್ತಾರೆ. ವಾಕಿಟಾಕಿ ಆಪ್‌ಗೆ ಬ್ಯಾಟರಿ ಬಳಕೆಯಲ್ಲಿ ಯಾವ ನಿರ್ಬಂಧವೂ ಇರದಂತೆ ಸೆಟ್ಟಿಂಗ್ ಮಾಡಿ, ಇತ್ತೀಚಿನ ಆಪ್‌ಗಳ ಪಟ್ಟಿಯಲ್ಲಿ ಅದಕ್ಕೆ ಬೀಗ ಹಾಕಿ, ಪರದೆ ಆರಿಸಿ ಅರ್ಧ ಗಂಟೆ ಬಿಟ್ಟು ಇನ್ನೊಂದು ಫೋನಿನಿಂದ ಕರೆದು ನೋಡಿ. ಹೊರಡುವ ಮುನ್ನ ಮನೆಯಲ್ಲಿ ಮಾಡಲೇಬೇಕಾದ ಪರೀಕ್ಷೆ ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಎರಡೂ ಕಡೆ ಸುಂಯ್ ಸದ್ದು ಬರುತ್ತದೆ, ಆದರೂ ಮಾತು ಕೇಳಿಸುವುದಿಲ್ಲ

ಈಗ ಹೊಂದಾಣಿಕೆಯ ದೋಷಗಳನ್ನು ಹುಡುಕಬೇಕು. ಮೊದಲ ನಿಯಮ: ಚಾನೆಲ್ ಸಂಖ್ಯೆಯನ್ನು ನಂಬಬೇಡಿ, ತರಂಗಾಂತರವನ್ನು ಓದಿ. ಐದನೇ ಚಾನೆಲ್ ಎಂದರೆ ಯುರೋಪಿನ ಪಿಎಂಆರ್ 446 (ಅಲ್ಲಿ ಲೈಸೆನ್ಸ್ ಇಲ್ಲದೆ ಬಳಸುವ ವಾಕಿಟಾಕಿಗಳ) ಪಟ್ಟಿಯಲ್ಲಿ 446.05625 ಮೆಗಾಹರ್ಟ್ಸ್, ಅಮೆರಿಕದ ಎಫ್‌ಆರ್‌ಎಸ್ ಪಟ್ಟಿಯಲ್ಲಿ 462.6625, ಚೀನಾದ ಸಾರ್ವಜನಿಕ ಪಟ್ಟಿಯಲ್ಲಿ 409.8000. ಫೋನ್ ಯಾವ ಮಾರುಕಟ್ಟೆಗೆ ತಯಾರಾಯಿತೋ ಆ ಪಟ್ಟಿಯೇ ಒಳಗೆ ತುಂಬಿರುತ್ತದೆ. ಒಂದೇ ಮಾದರಿಯ ಎರಡು ಫೋನ್‌ಗಳನ್ನು ಬೇರೆ ಬೇರೆ ಕಡೆ ಕೊಂಡಿದ್ದರೆ ಪರದೆಯಲ್ಲಿ ಎರಡೂ ಐದನೇ ಚಾನೆಲ್ ತೋರಿಸುತ್ತಲೇ ಪರಸ್ಪರ ಕಿವುಡಾಗಿರಬಹುದು. ಜೊತೆಗೆ ಕಳುಹಿಸುವ ಮತ್ತು ಸ್ವೀಕರಿಸುವ ತರಂಗಾಂತರಗಳನ್ನು ಪ್ರತ್ಯೇಕವಾಗಿ ನಮೂದಿಸುವ ಆಪ್‌ಗಳಲ್ಲಿ ಎರಡೂ ಅಂಕಿಗಳು ಒಂದೇ ಆಗಿರಬೇಕು. ಒಂದನ್ನು ತಿದ್ದಿ ಇನ್ನೊಂದನ್ನು ಮರೆತರೆ ಒಮ್ಮುಖದ ಮಾತುಕತೆ ಹುಟ್ಟುತ್ತದೆ.

ತರಂಗಾಂತರ ಸರಿಯಿದ್ದರೆ ಮುಂದಿನ ಅನುಮಾನ ಕೋಡ್‌ಗಳ ಮೇಲೆ. ಅನಲಾಗ್ ವಿಧಾನದಲ್ಲಿ ದನಿಯ ಜೊತೆಗೆ ಕಿವಿಗೆ ಕೇಳಿಸದಷ್ಟು ಕೆಳಗಿನ ನಾದವೊಂದನ್ನು ಕಳುಹಿಸಿ, ಆ ನಾದ ಬಂದರೆ ಮಾತ್ರ ಸ್ಪೀಕರ್ ತೆರೆಯುವಂತೆ ಮಾಡುವ ಸಿಟಿಸಿಎಸ್‌ಎಸ್ ಎಂಬ ವ್ಯವಸ್ಥೆ ಇದೆ. ಇದು ಖಾಸಗಿತನ ಕೊಡುತ್ತದೆ ಎಂಬುದು ತಪ್ಪು ತಿಳಿವಳಿಕೆ. ಇತರರ ಮಾತು ನಮ್ಮ ಸ್ಪೀಕರಿನಲ್ಲಿ ಕೇಳದಂತೆ ತಡೆಯುತ್ತದೆ ಅಷ್ಟೆ. ಇಲ್ಲಿಯೂ ಸಂಖ್ಯೆಗಳು ದಾರಿ ತಪ್ಪಿಸುತ್ತವೆ. ಸಾಮಾನ್ಯವಾದ 38 ನಾದಗಳ ಪಟ್ಟಿಯಲ್ಲಿ ಹತ್ತನೇ ಕೋಡ್ ಎಂದರೆ 94.8 ಹರ್ಟ್ಸ್, 69.3 ಹರ್ಟ್ಸ್ ಅನ್ನೂ ಸೇರಿಸಿ ಉದ್ದವಾದ ಪಟ್ಟಿಯಲ್ಲಿ ಅದೇ ಹತ್ತನೇ ಕೋಡ್ 91.5 ಹರ್ಟ್ಸ್ ಆಗುತ್ತದೆ. ಆದ್ದರಿಂದ ಹರ್ಟ್ಸ್ ಅಂಕಿಯನ್ನೇ ಹೊಂದಿಸಬೇಕು, ಅದು ಕಾಣದಿದ್ದರೆ ಪರೀಕ್ಷೆ ಮುಗಿಯುವವರೆಗೆ ಎರಡೂ ಕಡೆ ಕೋಡ್‌ಗಳನ್ನು ಪೂರ್ತಿ ತೆಗೆದಿಡಬೇಕು. ನಿಮ್ಮ ಮಾತು ಅವರಿಗೆ ಕೇಳುತ್ತದೆ, ಅವರದು ನಿಮಗೆ ಕೇಳುವುದಿಲ್ಲ ಎಂಬ ದೂರಿನಲ್ಲಿ, ನಿಮ್ಮ ಫೋನಿನ ಸ್ವೀಕರಿಸುವ ಬದಿಯಲ್ಲಿ ಕೋಡ್ ಇದ್ದು ಅವರ ಕಳುಹಿಸುವ ಬದಿಯಲ್ಲಿ ಅದು ಇಲ್ಲದಿರುವುದು ಸಾಮಾನ್ಯ ಕಾರಣ. ಮಾನಿಟರ್ ಗುಂಡಿಯನ್ನು ಒತ್ತಿ ಹಿಡಿದರೆ ಕೋಡ್ ಮತ್ತು ಸ್ಕ್ವೆಲ್ಚ್ ಎರಡೂ ತೆರೆದುಕೊಳ್ಳುತ್ತವೆ. ಆಗ ಅವರ ದನಿ ಕೇಳಿಸಿದರೆ ಕಾರಣ ಸಿಕ್ಕಂತೆಯೇ.

ಡಿಜಿಟಲ್ ವಿಧಾನದಲ್ಲಿ, ಅಂದರೆ ಡಿಎಂಆರ್ ಎಂಬ ಡಿಜಿಟಲ್ ರೇಡಿಯೋ ಮಾನದಂಡ ಇರುವ ಫೋನ್‌ಗಳಲ್ಲಿ, ಹೊಂದಿಸಬೇಕಾದವು ಇನ್ನೂ ಹೆಚ್ಚು: ಒಂದೇ ತರಂಗಾಂತರದ ಗುಂಪುಗಳನ್ನು ಬೇರ್ಪಡಿಸುವ 0ಯಿಂದ 15ರವರೆಗಿನ ಕಲರ್ ಕೋಡ್, ಚಾನೆಲನ್ನು ಎರಡು ಪಾಲು ಮಾಡುವ ಸಮಯದ ಸ್ಲಾಟ್, ಗುಂಪಿನ ಸಂಖ್ಯೆ, ಸ್ವೀಕರಿಸುವ ಗುಂಪುಗಳ ಪಟ್ಟಿ, ಗೂಢಲಿಪಿ ಹಾಕಿದ್ದರೆ ಅದರ ಕೀಲಿ. ಒಂದು ತಪ್ಪಿದರೂ ಫಲಿತಾಂಶ ಪೂರ್ಣ ಮೌನ. ಯಾವುದು ತಪ್ಪಿತು ಎಂಬ ಸುಳಿವನ್ನೂ ಫೋನ್ ಕೊಡುವುದಿಲ್ಲ. ಆದ್ದರಿಂದ ಡಿಜಿಟಲ್‌ನಲ್ಲಿ ದೋಷ ಹುಡುಕುವ ಬದಲು ಎರಡೂ ಫೋನ್‌ಗಳನ್ನು ಅನಲಾಗ್ ಎಫ್‌ಎಂಗೆ ತಂದು, ಕೋಡ್ ತೆಗೆದು, ಮೊದಲು ಅಲ್ಲಿ ಮಾತು ಸ್ಥಾಪಿಸಿಕೊಳ್ಳುವುದು ಸರಿಯಾದ ಕ್ರಮ. ಅನಲಾಗ್‌ನಲ್ಲಿ ಕೇಳಿಸಿದರೆ ರೇಡಿಯೋ, ಆಂಟೆನಾ, ಮೈಕ್ ಎಲ್ಲ ಸರಿಯಿವೆ ಎಂದಾಯಿತು. ಮತ್ತೆ ಡಿಜಿಟಲ್‌ಗೆ ಮರಳಿ ಮೇಲಿನವನ್ನು ಒಂದೊಂದಾಗಿ ಹೋಲಿಸಬಹುದು. ನನ್ನ ಅನುಭವದಲ್ಲಿ ಹೆಚ್ಚು ಕಾಡುವುದು ಸ್ವೀಕರಿಸುವ ಗುಂಪುಗಳ ಪಟ್ಟಿ: ಕಳುಹಿಸುವ ಗುಂಪನ್ನು ಎಲ್ಲರೂ ತುಂಬುತ್ತಾರೆ, ಅದೇ ಸಂಖ್ಯೆಯನ್ನು ಸ್ವೀಕರಿಸುವ ಪಟ್ಟಿಗೆ ಸೇರಿಸುವುದು ಮರೆತುಹೋಗುತ್ತದೆ. ಪ್ರತಿ ಫೋನಿಗೂ ಪ್ರತ್ಯೇಕ ಗುರುತಿನ ಸಂಖ್ಯೆ ಇರಬೇಕೆಂಬುದನ್ನೂ ಮರೆಯಬಾರದು; ಕಾರ್ಖಾನೆಯಿಂದ ಬಂದಾಗ ಎಲ್ಲವೂ ಒಂದೇ ಸಂಖ್ಯೆ ಹೊತ್ತಿರಬಹುದು.

ಒಂದು ಫೋನ್ ಡಿಜಿಟಲ್‌ನಲ್ಲೂ ಇನ್ನೊಂದು ಅನಲಾಗ್‌ನಲ್ಲೂ ಇದ್ದರೆ ಕಿವಿಯೇ ಅದನ್ನು ಹೇಳುತ್ತದೆ. ಡಿಎಂಆರ್ ಕೈರೇಡಿಯೋ 30 ಮಿಲಿಸೆಕೆಂಡ್ ಕಳುಹಿಸಿ 30 ಮಿಲಿಸೆಕೆಂಡ್ ಸುಮ್ಮನಿರುವುದರಿಂದ ಅನಲಾಗ್ ಫೋನಿನಲ್ಲಿ ಅದು ಮೋಟಾರು ದೋಣಿಯ ಎಂಜಿನ್ನಿನಂತೆ ಬಡಬಡಿಸುತ್ತದೆ. ಬಡಿತವಿಲ್ಲದೆ ನಿರಂತರವಾಗಿ ಕೊರೆಯುವ ಸದ್ದು ಬಂದರೆ ಎದುರಿನದು ಡಿಪಿಎಂಆರ್ ಎಂಬ ಇನ್ನೊಂದು ಡಿಜಿಟಲ್ ವಿಧಾನದ್ದಾಗಿರಬಹುದು. ಡಿಎಂಆರ್ ಮತ್ತು ಡಿಪಿಎಂಆರ್ ಹೆಸರಿನಲ್ಲಿ ಹತ್ತಿರವಿದ್ದರೂ ಯಾವ ಸೆಟ್ಟಿಂಗ್‌ನಿಂದಲೂ ಅವು ಒಂದನ್ನೊಂದು ಅರ್ಥಮಾಡಿಕೊಳ್ಳುವುದಿಲ್ಲ. ಎರಡರಲ್ಲೂ ಇರುವ ಅನಲಾಗ್ ಒಂದೇ ದಾರಿ.

ಸಂಕೇತ ಬರುತ್ತದೆ, ದನಿ ಬರುವುದಿಲ್ಲ

ಒಬ್ಬರು ಗುಂಡಿ ಒತ್ತಿದಾಗ ಇನ್ನೊಂದು ಫೋನಿನ ಸಂಕೇತದ ಪಟ್ಟಿ ಏರಿ, ಸುಂಯ್ ಸದ್ದು ನಿಂತು, ಆದರೆ ಮಾತೇ ಇಲ್ಲದಿದ್ದರೆ ರೇಡಿಯೋ ಸರಿಯಿದೆ, ಮೈಕ್ ದಾರಿ ಮುಚ್ಚಿದೆ. ಆಪ್‌ಗೆ ಮೈಕ್ ಅನುಮತಿ ಇದೆಯೇ ನೋಡಿ; ಸಾಮಾನ್ಯ ದನಿಮುದ್ರಣದ ಆಪ್‌ನಲ್ಲಿ ಅದೇ ಮೈಕಿಗೆ ಮಾತನಾಡಿ ಕೇಳಿ. ನೀರು ತಡೆಯುವ ಫೋನ್‌ಗಳಲ್ಲಿ ಮೈಕಿನ ತೂತಿನ ಹಿಂದೆ ತೆಳುಪೊರೆ ಇರುತ್ತದೆ, ಅದರ ಮೇಲೆ ಕೆಸರು ಒಣಗಿದರೆ ದನಿ ಕಂಬಳಿ ಹೊದ್ದಂತಾಗುತ್ತದೆ. ಒಣ ಮೆದು ಬ್ರಷ್‌ನಿಂದ ಉಜ್ಜಬೇಕು. ಪಿನ್ ಚುಚ್ಚಿದರೆ ಪೊರೆ ಹರಿದು ಮುಂದಿನ ಮಳೆಗೆ ಫೋನೇ ಹೋಗುತ್ತದೆ.

ದನಿ ಬಂದರೂ ಬಹಳ ಸಣ್ಣದಾಗಿದ್ದರೆ ಅಥವಾ ಜೋರಾಗಿ ಒಡೆದಂತಿದ್ದರೆ ಎರಡೂ ಕಡೆಯ ಚಾನೆಲ್ ಅಗಲ ಹೋಲಿಸಿ. 446ರ ಪಟ್ಟಿಯಲ್ಲಿ ಅನಲಾಗ್ ಚಾನೆಲ್‌ಗಳ ನಡುವಿನ ಅಂತರ 12.5 ಕಿಲೋಹರ್ಟ್ಸ್. ಒಂದು ಫೋನ್ 25 ಕಿಲೋಹರ್ಟ್ಸ್‌ನ ಅಗಲ ವಿಧಾನದಲ್ಲಿದ್ದರೆ ಅದರ ಮಾತು ಇನ್ನೊಂದರಲ್ಲಿ ಒಡೆಯುತ್ತದೆ, ಇನ್ನೊಂದರದು ಇದರಲ್ಲಿ ಕ್ಷೀಣವಾಗಿ ಕೇಳುತ್ತದೆ. ಮಾತಿನ ಮೊದಲ ಅಕ್ಷರಗಳು ಮಾತ್ರ ಕತ್ತರಿಸಿದರೆ ಅದು ದೋಷವಲ್ಲ. ಕೋಡ್ ಗುರುತಿಸಿ ಸ್ಪೀಕರ್ ತೆರೆಯಲು ಕ್ಷಣಕಾಲ ಬೇಕು. ಗುಂಡಿ ಒತ್ತಿ ಒಂದು ಸೆಕೆಂಡ್ ತಡೆದು ಮಾತು ಶುರುಮಾಡುವ ಅಭ್ಯಾಸ ಬೇಕು.

ಗುಂಡಿ ಒತ್ತಿದರೂ ಎದುರಿನ ಫೋನಿನಲ್ಲಿ ಸಂಕೇತವೇ ಏರದಿದ್ದರೆ, ಪಕ್ಕದ ಗುಂಡಿಗೆ ಬೇರೆ ಕೆಲಸ ಹಂಚಿದೆಯೇ ನೋಡಲು ಪರದೆಯ ಗುಂಡಿಯಿಂದ ಮಾತನಾಡಿ. ಚಾನೆಲ್ ಬಿಡುವಿಲ್ಲದಾಗ ಕಳುಹಿಸುವುದನ್ನು ತಡೆಯುವ ಆಯ್ಕೆ ಆನ್ ಇದ್ದು ಸ್ಕ್ವೆಲ್ಚ್ ಸೊನ್ನೆಯಲ್ಲೇ ಉಳಿದಿದ್ದರೆ, ಬರೀ ಗದ್ದಲವನ್ನೇ ಯಾರದೋ ಮಾತೆಂದು ತಿಳಿದು ಫೋನ್ ನಿಮ್ಮನ್ನು ತಡೆಯಬಹುದು. ಮೊದಲ ಪರೀಕ್ಷೆ ಮುಗಿದೊಡನೆ ಸ್ಕ್ವೆಲ್ಚನ್ನು ಹಿಂದಿನ ಮಟ್ಟಕ್ಕೆ ತರಬೇಕು. ಮಾತಿನ ನಡುವೆ ನಿಗದಿತ ಹೊತ್ತಿಗೆ ಸರಿಯಾಗಿ ಕಡಿದರೆ ಅದು ಕಾಲಮಿತಿಯ ಸೆಟ್ಟಿಂಗ್. ಹೊತ್ತಿನ ಲೆಕ್ಕವಿಲ್ಲದೆ ಕಡಿದು ಫೋನ್ ಮರುಪ್ರಾರಂಭವಾದರೆ ಬ್ಯಾಟರಿಯನ್ನು ಅನುಮಾನಿಸಿ: ಕಳುಹಿಸುವಾಗ ರೇಡಿಯೋ ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆಯುವುದರಿಂದ ಹಳೆಯ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ. ಕಡಿಮೆ ಶಕ್ತಿಯಲ್ಲಿ ಸರಿಯಾಗಿ ನಡೆದು ಹೆಚ್ಚು ಶಕ್ತಿಯಲ್ಲಿ ಮಾತ್ರ ಹೀಗಾದರೆ ಅನುಮಾನ ದೃಢವಾಯಿತು.

ಹತ್ತಿರ ಸರಿ, ದೂರ ಹೋದರೆ ಇಲ್ಲ

ಇದೇ ಅತಿ ಹೆಚ್ಚು ಬರುವ ದೂರು. ಪೆಟ್ಟಿಗೆಯ ಮೇಲೆ ಮುದ್ರಿಸಿದ ಕಿಲೋಮೀಟರ್ ಯಾವ ಲೆಕ್ಕದ್ದು ಎಂದು ತಿಳಿದರೆ ಅರ್ಧ ಉತ್ತರ ಸಿಗುತ್ತದೆ. ರೇಡಿಯೋ ತರಂಗಗಳಿಗೆ ದಿಗಂತ ಎಷ್ಟು ದೂರವೆಂದರೆ, ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು ಸುಮಾರು 4.1ರಿಂದ ಗುಣಿಸಿದಷ್ಟು ಕಿಲೋಮೀಟರ್. ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದವರಿಗೆ ಅದು ಐದು ಕಿಲೋಮೀಟರ್. ಇಬ್ಬರೂ ಸೇರಿ ಹತ್ತು. ಒಂದು ಮರ, ಒಂದು ಗುಡ್ಡ, ಒಂದು ಮನೆ ನಡುವೆ ಬಾರದ ಸಮುದ್ರದ ಮೇಲಿನಂತಹ ಬಯಲಿನಲ್ಲಿ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಸಿಲ್ವರ್ ಓಕ್ ಮರಗಳು ತುಂಬಿದ ಕೊಡಗಿನ ತೋಟದಲ್ಲೋ, ಕುಕ್ಕೆಯಿಂದ 1,712 ಮೀಟರ್ ಎತ್ತರದ ಕುಮಾರ ಪರ್ವತಕ್ಕೆ ಏರುವ ಕಾಡಿನ ದಾರಿಯಲ್ಲೋ ಅದರ ಸಣ್ಣದೊಂದು ಪಾಲು ಸಿಕ್ಕರೂ ಫೋನ್ ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದರ್ಥ. ಅದೇ ಫೋನ್ ಮರಗಳ ಸಾಲು ಮುಗಿದು ಹುಲ್ಲುಗಾವಲಿನ ದಿಣ್ಣೆಗೆ ಬಂದೊಡನೆ ಕಣ್ಣಿಗೆ ಕಾಣುವ ಎದುರಿನ ಗುಡ್ಡದವರೆಗೂ ಸ್ಪಷ್ಟವಾಗಿ ಮಾತನಾಡಬಲ್ಲದು.

ಶಕ್ತಿ ಹೆಚ್ಚಿಸಿದರೆ ಸಾಕು ಎಂಬ ನಂಬಿಕೆಗೆ ಆಧಾರ ಕಡಿಮೆ. ಶಕ್ತಿಯನ್ನು ನಾಲ್ಕು ಪಟ್ಟು ಮಾಡಿದರೆ ಸಿಗುವುದು 6 ಡೆಸಿಬಲ್. ತೆರೆದ ಆಕಾಶದಲ್ಲಿ ದೂರ ಎರಡು ಪಟ್ಟಾಗುತ್ತದೆ, ಕಾಡಿನಲ್ಲಿ ಅಷ್ಟೂ ಇಲ್ಲ, ಬ್ಯಾಟರಿ ಮಾತ್ರ ಬೇಗ ಮುಗಿಯುತ್ತದೆ. ಯುರೋಪಿನ ಪಿಎಂಆರ್ 446ಕ್ಕೆ ಇರುವ ಮಿತಿಯೇ ಅರ್ಧ ವಾಟ್. ಹತ್ತು ಹೆಜ್ಜೆ ಮೇಲೇರಿ ನಿಲ್ಲುವುದು ಇದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಆಂಟೆನಾ ಗಮನಿಸಬೇಕಾದ ಮುಖ್ಯ ಭಾಗ. 446 ಮೆಗಾಹರ್ಟ್ಸ್‌ನ ತರಂಗದ ಉದ್ದ ಸುಮಾರು 67 ಸೆಂಟಿಮೀಟರ್, ಅದರ ಕಾಲು ಭಾಗ 17 ಸೆಂಟಿಮೀಟರ್. ಫೋನಿನೊಡನೆ ಬರುವ ಗಿಡ್ಡ ಆಂಟೆನಾದೊಳಗೆ ತಂತಿಯನ್ನು ಸುರುಳಿ ಮಾಡಿ ಆ ಉದ್ದವನ್ನು ತುಂಬಿರುತ್ತಾರೆ; ಹೀಗೆ ಗಿಡ್ಡ ಮಾಡಿದಷ್ಟೂ ಅದು ಹೊಂದಿಕೊಂಡಿರುವ ಪಟ್ಟಿ ಕಿರಿದಾಗುತ್ತದೆ. 409ರ ಚೀನೀ ಪಟ್ಟಿಗೆ ಹೊಂದಿಸಿದ ಗಿಡ್ಡ ಆಂಟೆನಾ 446ರಲ್ಲಿ ಮಂಕಾಗಿ ಕೆಲಸ ಮಾಡುತ್ತದೆ, ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಎರಡು ಫೋನ್‌ಗಳ ಆಂಟೆನಾಗಳನ್ನು ಅದಲುಬದಲು ಮಾಡಿ, ದೋಷವೂ ಆಂಟೆನಾದ ಜೊತೆಗೆ ಹೋಗುತ್ತದೆಯೇ ಎಂದು ನೋಡುವುದು ಖಚಿತ ವಿಧಾನ. ತಿರುಪಿನ ನಡುವಿನ ಪಿನ್ ಒಳಕ್ಕೆ ಜಗ್ಗಿದೆಯೇ, ಹಸಿರು ಕಿಲುಬು ಹಿಡಿದಿದೆಯೇ ಎಂಬುದನ್ನೂ ನೋಡಿ. ಮಾತನಾಡುವಾಗ ಆಂಟೆನಾ ನೆಟ್ಟಗಿರಬೇಕು. ಸೊಂಟದಲ್ಲಿ ಅಡ್ಡವಾಗಿ ಸಿಕ್ಕಿಸಿದರೆ ದೇಹ ಹೀರಿಕೊಳ್ಳುವುದು ಮತ್ತು ಎರಡು ಆಂಟೆನಾಗಳ ದಿಕ್ಕು ಹೊಂದದಿರುವುದು ಎರಡೂ ಸೇರಿ ಸಂಕೇತ ಕುಗ್ಗುತ್ತದೆ.

ಮಳೆಯಿಂದ ಸಂಕೇತ ಹೋಯಿತು ಎಂಬ ಮಾತನ್ನು ಮಲೆನಾಡಿನಲ್ಲಿ ಆಗಾಗ ಕೇಳುತ್ತೇವೆ. ಈ ತರಂಗಾಂತರದಲ್ಲಿ ಮಳೆಹನಿಗಳು ತಡೆಯುವುದು ಗಣನೆಗೆ ಬಾರದಷ್ಟು ಕಡಿಮೆ. ನೆನೆದ ಎಲೆಗಳು, ತಿರುಪಿಗೆ ಇಳಿದ ನೀರು ನಿಜವಾದ ಕಾರಣಗಳು, ಎರಡನೆಯದನ್ನು ಒರೆಸಿ ಒಣಗಿಸಿದರೆ ಸರಿಯಾಗುತ್ತದೆ.

ದೂರದ ಪರೀಕ್ಷೆ ಮಾಡುವಾಗ ಒಂದೇ ಮೇಜಿನ ಮೇಲೆ ಎರಡೂ ಫೋನ್‌ಗಳನ್ನಿಟ್ಟು ಶುರುಮಾಡಬೇಡಿ. ಅಷ್ಟು ಹತ್ತಿರದಲ್ಲಿ ಸ್ವೀಕರಿಸುವ ಭಾಗ ಸಂಕೇತದ ಭಾರಕ್ಕೆ ಕುಸಿದು, ಇಲ್ಲದ ದೋಷ ಕಾಣಿಸುತ್ತದೆ. ಐವತ್ತು ಮೀಟರ್ ಬಿಟ್ಟು ಆರಂಭಿಸಿ, ಒಬ್ಬರು ಒಂದೇ ಕಡೆ ನಿಂತು, ಇನ್ನೊಬ್ಬರು ನಡೆಯುತ್ತಾ ಅಂಕಿ ಎಣಿಸಬೇಕು. ಅನಲಾಗ್‌ನಲ್ಲಿ ದನಿ ಮೆಲ್ಲಮೆಲ್ಲನೆ ಗದ್ದಲದಲ್ಲಿ ಮುಳುಗುತ್ತದೆ, ಡಿಜಿಟಲ್‌ನಲ್ಲಿ ಕೊನೆಯವರೆಗೂ ಸ್ವಚ್ಛವಾಗಿದ್ದು ಹಠಾತ್ತನೆ ಕಡಿಯುತ್ತದೆ. ಇದನ್ನು ತಿಳಿಯದವರು ಡಿಜಿಟಲ್ ಕಡಿದಾಗ ಫೋನ್ ಕೆಟ್ಟಿತೆಂದು ಭಾವಿಸುತ್ತಾರೆ.

ಬೇಡದ ಸದ್ದುಗಳು

ಚಾರ್ಜರ್ ಅಥವಾ ಪವರ್ ಬ್ಯಾಂಕ್ ಜೋಡಿಸಿದಾಗ ಮಾತ್ರ ಗದ್ದಲ ಏರಿ ದೂರ ಕುಗ್ಗಿದರೆ ಅದನ್ನು ತೆಗೆದು ಮಾತನಾಡಿ. ಸಿಗ್ನಲ್ ಬಂದು ಹೋಗುವ ಅಂಚಿನ ಜಾಗಗಳಲ್ಲಿ 2ಜಿ ಸಿಮ್ ಟವರ್ ಹಿಡಿಯಲು ಪೂರ್ಣ ಶಕ್ತಿಯಲ್ಲಿ ಕಳುಹಿಸುವಾಗ ಟಿಟಿ-ಡಿಟ್ ಎಂಬ ಗುಂಯ್ಗುಟ್ಟುವ ಸದ್ದು ನುಗ್ಗುತ್ತದೆ. ವಿಮಾನ ಮೋಡ್ ಹಾಕಿದರೆ ನಿಲ್ಲುತ್ತದೆ, ಆದರೆ ಆ ಹೊತ್ತಿನಲ್ಲಿ ಸಾಮಾನ್ಯ ಕರೆಗಳು ಬಾರವೆಂಬುದು ಜೊತೆಯವರಿಗೆ ಗೊತ್ತಿರಬೇಕು. ಆನೆ ತಡೆಯಲು ಸೋಲಾರ್ ಬೇಲಿ ಹಾಕಿದ ತೋಟಗಳಲ್ಲಿ ಸೆಕೆಂಡಿಗೊಮ್ಮೆ ಎಂಬಂತೆ ಟಕ್ ಟಕ್ ಎಂದು ಕೇಳಿಸಿದರೆ, ಬೇಲಿಗೆ ಬಳ್ಳಿ ತಾಗಿಯೋ ತಂತಿಯ ಗಂಟು ಸಡಿಲವಾಗಿಯೋ ಕಿಡಿ ಹಾರುತ್ತಿರಬಹುದು. ಬೇಲಿಯಿಂದ ದೂರ ಸರಿದಂತೆ ಅದು ಕಡಿಮೆಯಾದರೆ ಫೋನಿನ ತಪ್ಪಿಲ್ಲ, ಬೇಲಿಯನ್ನು ಸರಿಪಡಿಸಬೇಕು.

ಸೇವಾ ಕೇಂದ್ರಕ್ಕೆ ಕೊಡುವ ಮುನ್ನ

ಮೇಲಿನವೆಲ್ಲ ಮುಗಿದರೂ ದೋಷ ಉಳಿದಿದ್ದರೆ, ಸರಿಯಾಗಿ ಕೆಲಸ ಮಾಡುವ ಮೂರನೇ ರೇಡಿಯೋವೊಂದನ್ನು ತಂದು ಎರಡೂ ಫೋನ್‌ಗಳನ್ನು ಅದರ ಎದುರು ಪರೀಕ್ಷಿಸಿ. ಇಬ್ಬರಲ್ಲಿ ಕಿವುಡರಾರು, ಮೂಗರಾರು ಎಂಬುದು ಎರಡೇ ಸಾಧನಗಳಿಂದ ಖಚಿತವಾಗಿ ತಿಳಿಯದು. ಕಂಪ್ಯೂಟರಿಗೆ ಸಿಕ್ಕಿಸಿ ರೇಡಿಯೋ ಸಂಕೇತಗಳನ್ನು ಪರದೆಯಲ್ಲಿ ನೋಡುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಇರುವವರು ಗುಂಡಿ ಒತ್ತಿದಾಗ ಪರದೆಯಲ್ಲಿ ಗೆರೆ ಎಲ್ಲಿ ಏಳುತ್ತದೆಂದು ನೋಡಬಹುದು. ಹೊಂದಿಸಿದ ಅಂಕಿಯಿಂದ ಹಲವು ಕಿಲೋಹರ್ಟ್ಸ್ ಪಕ್ಕಕ್ಕೆ ಗೆರೆ ಎದ್ದರೆ ತರಂಗಾಂತರವನ್ನು ನಿಗದಿಯಾಗಿಡುವ ಒಳಗಿನ ಸ್ಫಟಿಕ ಜಾರಿರಬಹುದು, ಆದರೆ ಅಗ್ಗದ ಡಾಂಗಲ್‌ಗಳಲ್ಲೂ ಇಂತಹ ಜಾರುವಿಕೆ ಇರುವುದರಿಂದ ಸರಿಯಿರುವ ರೇಡಿಯೋದ ಗೆರೆಯೊಡನೆ ಹೋಲಿಸಿಯೇ ತೀರ್ಮಾನಿಸಬೇಕು.

ಫೋನ್ ಕೊಡುವಾಗ ವಾಕಿಟಾಕಿ ಸರಿಯಿಲ್ಲ ಎಂದಷ್ಟೇ ಬರೆಸಬೇಡಿ. ಸ್ಕ್ವೆಲ್ಚ್ ಸೊನ್ನೆಯಲ್ಲಿ ಸದ್ದು ಬರುತ್ತದೋ ಇಲ್ಲವೋ, ಅನಲಾಗ್‌ನಲ್ಲಿ ಕೋಡ್ ಇಲ್ಲದೆ ಏನಾಯಿತು, ಬೇರೆ ಆಂಟೆನಾದಿಂದ ಬದಲಾವಣೆ ಕಂಡಿತೇ, ಕಡಿಮೆ ಶಕ್ತಿಯಲ್ಲಿ ಹೇಗಿತ್ತು, ಯಾವ ಅಪ್‌ಡೇಟ್ ನಂತರ ಶುರುವಾಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಫೋನಿನ ಜೊತೆ ಕೊಡಿ, ಆಂಟೆನಾವನ್ನೂ ಕೊಡಿ. ಚಾನೆಲ್ ಪಟ್ಟಿಯ ಪರದೆಚಿತ್ರಗಳನ್ನು ಬೇರೆ ಕಡೆ ಉಳಿಸಿಕೊಳ್ಳಿ, ಏಕೆಂದರೆ ದುರಸ್ತಿಯಾಗಿ ಬರುವ ಫೋನ್ ಕಾರ್ಖಾನೆಯ ಪಟ್ಟಿಯೊಂದಿಗೆ ಬರಬಹುದು, ಆಗ ತರಂಗಾಂತರಗಳನ್ನು ಮೊದಲಿನಿಂದ ತುಂಬಬೇಕಾಗುತ್ತದೆ.